ಅಡ್ಡ ಬರದ ಅಂಗೈ

ನಿನ್ನೆ ತೆಗೆದ ದೃಶ್ಯ ಪರದೆಯ ಮೇಲೆ ಓಡುತ್ತಿತ್ತು. ಅದರಲ್ಲಿ ಮುದುಕಿ ನಟಿ ಮಾತು ಮರೆತಳು. ಇನ್ನೇನು ಪ್ರೌಟ್‌ನ ಅಂಗೈ ಅಡ್ಡ ಬರುತ್ತದೆ ಎಂದು ಸಂಕಲನದ ವರ್ನಾ ಕಾದಳು. ನಿರ್ದೇಶಕ ಪ್ರೌಟ್ ತನಗೆ ಬೇಕಾದಷ್ಟು ಸಿಕ್ಕ ಕೂಡಲೇ ಎದ್ದು ಲೆನ್ಸಿಗೆ ಅಂಗೈ ಮುಚ್ಚಿಬಿಡುತ್ತಿದ್ದ. ಸ್ಟುಡಿಯೋದವರು ಆಮೇಲೆ ತಮಗಿಷ್ಟ ಬಂದಂತೆ ಜೋಡಿಸಲು ಒಂದಡಿ ರೀಲೂ ಮಿಗಬಾರದು! ಮೂಕಿ ಚಿತ್ರಗಳ ಕಾಲದಿಂದ ಅವನ ಪ್ರತಿ ದೃಶ್ಯವೂ ಆ ದಪ್ಪ ಅಂಗೈಯ ಕತ್ತಲಲ್ಲೇ ಮುಗಿದಿತ್ತು.

ಇಂದು ಅಂಗೈ ಬರಲಿಲ್ಲ. ಯುದ್ಧಕ್ಕೆ ಹೊರಟ ಮಗನಿಗೆ "ಹುಷಾರಾಗಿ ಹೋಗಿ ಬಾ" ಎನ್ನಬೇಕಿದ್ದ ಲೆನೋರ್, ಒಂದು ಕಾಲಕ್ಕೆ ಹಾಲಿವುಡ್ಡೇ ಹುಚ್ಚೆದ್ದು ನೋಡುತ್ತಿದ್ದ ತಾರೆ, ತುಟಿ ತೆರೆದು ಸುಮ್ಮನಾದಳು. ಕೈ ಮಾತ್ರ ಸುಮ್ಮನಿರಲಿಲ್ಲ. ಮಗನ ಕೋಟಿನ ಗುಂಡಿ ಹಾಕಿದಳು. ಹಾಕಿಬಿಟ್ಟರೆ ಹೊರಟೇಬಿಡುತ್ತಾನಲ್ಲ ಎಂಬಂತೆ ಬಿಚ್ಚಿದಳು. ಮತ್ತೆ ಹಾಕಿದಳು.

"ಮಾತೆಲ್ರೀ ಹೋಯ್ತು?" ಮುಂದಿನ ಸಾಲಿನಿಂದ ಸ್ಟುಡಿಯೋ ಧಣಿ ಕ್ರಾಂಟ್ಸ್ ಗುಡುಗಿದ. "ಮುದುಕಿಗೆ ಅರಳು ಮರಳು ಅಂತ ಮೊದಲೇ ಬಡ್ಕೊಂಡೆ. ಕತ್ತರಿಸಮ್ಮ ಇದನ್ನ. ಬೇರೆಯೋಳನ್ನ ಹಾಕಿ..."

ಪರದೆಯ ಮೇಲೆ ಗುಂಡಿ ಮತ್ತೆ ಬಿಚ್ಚಿಕೊಂಡಿತು. ಕ್ರಾಂಟ್ಸ್‌ನ ಮಾತು ಅಲ್ಲೇ ನಿಂತಿತು. ಬಾಯಲ್ಲಿದ್ದ ಸಿಗಾರು ಆರಿದ್ದೂ ಅವನಿಗೆ ತಿಳಿಯಲಿಲ್ಲ. ರೀಲು ಪೂರ್ತಿ ಓಡಿ, ಪರದೆ ಬೆಳ್ಳಗಾಯಿತು.

"ಕತ್ತರಿಸಲಾ, ಸಾರ್?" ವರ್ನಾ ಕೇಳಿದಳು.

"ಮುಟ್ಟಿ ನೋಡು, ಕೈ ಮುರೀತೀನಿ," ಎಂದ ಅವನು, ಆರಿದ ಸಿಗಾರನ್ನೇ ಎಳೆಯುತ್ತ.

ಹಿಂದೆ ಕುರ್ಚಿ ಕಿರುಗುಟ್ಟಿತು. ವರ್ನಾ ತಿರುಗಿ ನೋಡಿದಳು. ತಾನು ತೆಗೆದದ್ದನ್ನು ನೋಡಲು ಎಂದೂ ಇಲ್ಲಿಗೆ ಕಾಲಿಡದ ಪ್ರೌಟ್ ಕೊನೆಯ ಸಾಲಿನಲ್ಲಿ ಕೂತಿದ್ದ. ಆ ದಪ್ಪ ಅಂಗೈ ಅವನ ಕಣ್ಣುಗಳನ್ನೇ ಮುಚ್ಚಿತ್ತು.