ಕೆಂಪುಕೊಡೆ ಕಾಫಿ

"ಬಾಗಿಲು ಹಾಕಿ ಭಾವ, ಯಾರಾದ್ರೂ ನೋಡಿದ್ರೆ ನನ್ನ ಮಾನ ಮೂರು ಕಾಸಿಗೆ ಹರಾಜು!"

ಕಚೇರಿಯ ಸ್ಟೋರ್ ರೂಮಿನಲ್ಲಿ ಕಪ್ಪೇಶ ತಳ್ಳುಗಾಡಿಯ ಕಾಫಿಯನ್ನು ಗಾಜಿನ ಲೋಟದಿಂದ ಕಾಗದದ ಕಪ್ಪಿಗೆ ಬಗ್ಗಿಸುತ್ತಿದ್ದ. ಕಪ್ಪಿನ ಮೇಲೆ ಕೆಂಪು ಕೊಡೆಯ ಚಿತ್ರ. ದೇಶದೇಶಗಳಲ್ಲಿ ಅಂಗಡಿಯಿಟ್ಟ 'ಕೆಂಪುಕೊಡೆ' ಕಾಫಿಯದು. ಒಮ್ಮೆ ಕೊಂಡ ಆ ಕಪ್ಪನ್ನು ದಿನಾ ತೊಳೆದು, ಒರೆಸಿ, ಫ್ಯಾನಿನಡಿ ಆರಿಸಿ, ಕೂಸಿನಂತೆ ಸಾಕಿದ್ದ. ಕಪ್ಪೇಶ ಎಂಬ ಅಡ್ಡಹೆಸರೂ ಅದರಿಂದಲೇ ಬಂದದ್ದು. ಕೆಂಪುಕೊಡೆಯ ಒಂದು ಕಾಫಿಯ ಬೆಲೆಗೆ ಇಲ್ಲಿ ಮನೆಮಂದಿಯೆಲ್ಲ ಹೊಟ್ಟೆ ತುಂಬ ಉಣ್ಣಬಹುದು. ಊರಿಗಿದ್ದ ಒಂದೇ ಅಂಗಡಿಯಲ್ಲಿ ಕುಡಿಯುವವರಿಗಿಂತ ಕಪ್ ಹಿಡಿದು ಫೋಟೋ ತೆಗೆಸಿಕೊಳ್ಳುವವರೇ ಹೆಚ್ಚು.

"ಕಾಫಿ ನಂದೇ, ವೇಷ ಮಾತ್ರ ನಿಂದು" ಎಂದ ಭಾವ. ಅಕ್ಕನ ಗಂಡ, ಅದೇ ಕಚೇರಿ, ಪಕ್ಕದ ಮೇಜು. ಅದೇ ತಳ್ಳುಗಾಡಿಯ ಕಾಫಿ, ಕುಡಿಯುವುದು ಮಾತ್ರ ರಾಜಾರೋಷವಾಗಿ, ಲೋಟದಲ್ಲಿ.

"ನಗಿ, ನಗಿ. ಇವತ್ತು ಹೊರದೇಶದ ಮೇಡಂ ನಮ್ಮಿಬ್ಬರಲ್ಲಿ ಒಬ್ಬರನ್ನ ಮ್ಯಾನೇಜರ್ ಮಾಡ್ತಾರೆ. ಅವರ ದೇಶದಲ್ಲಿ ಬೀದಿಗೆ ಮೂರು ಕೆಂಪುಕೊಡೆ ಇದ್ಯಂತೆ. ಎಂಥ ಸಿರಿವಂತರಿರಬೇಕು!"

ಕಪ್ಪೇಶನ ಹೆಂಡತಿ ಆಗಲೇ ತವರಿಗೆ ಫೋನ್ ಮಾಡಿ, "ಮ್ಯಾನೇಜರ್ ಹೆಂಡ್ತಿ ಮಾತಾಡ್ತಿರೋದು" ಎಂದುಬಿಟ್ಟಿದ್ದಳು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಮೇಡಂ ಭಾಷೆ ಕಲಿತೇ ಬಂದಿದ್ದರು. ಮೊದಲು ಒಳಹೋದ ಕಪ್ಪೇಶ ಕೊಡೆಯ ಚಿತ್ರ ಅವರಿಗೆ ಕಾಣುವಂತೆ ಕಪ್ಪನ್ನು ಮೇಜಿನ ಮೇಲಿಟ್ಟ. ಅವರ ದೃಷ್ಟಿ ಅಲ್ಲೇ ನೆಟ್ಟಿತು. ವಾಸನೆಯಲ್ಲೇ ಗುಟ್ಟು ರಟ್ಟಾಯಿತೇ?

"ದಿನಾ ಇದೇನಾ?"

"ದಿನಾ ಇದೇ ಮೇಡಂ. ಬೇರೇದು ಗಂಟಲಲ್ಲಿ ಇಳಿಯಲ್ಲ."

"ಮನೆಯವರೂ?"

"ಅಪ್ಪನ ಕಾಲದಿಂದ! ನಮ್ಮ ರಕ್ತದಲ್ಲೇ ಬಂದಿದೆ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಎದ್ದು ಬಂದು ಅವನ ಭುಜ ತಟ್ಟಿದರು. "ಧೈರ್ಯವಾಗಿರಿ."

ಕಪ್ಪೇಶ ಕಾಲು ನೆಲಕ್ಕೆ ತಾಗದಂತೆ ಹೊರಬಂದ. "ಭಾವ, 'ಸರ್' ಅನ್ನೋದು ಈಗಿಂದಲೇ ರೂಢಿ ಮಾಡ್ಕೊಳ್ಳಿ."

ಭಾವ ಲೋಟ ಹಿಡಿದೇ ಒಳಹೋದ. ಅಯ್ಯೋ, ಹುಚ್ಚಪ್ಪ, ಎಂದುಕೊಂಡ ಕಪ್ಪೇಶ.

ಹೊರಬಂದಾಗ ಭಾವನ ಕೆನ್ನೆ ನಗು ತಡೆದು ತಡೆದು ಊದಿಕೊಂಡಿತ್ತು. ಕೈಯಲ್ಲೊಂದು ಚೀಲ.

"ಮ್ಯಾನೇಜರ್ ನಾನಂತೆ ಕಣೋ. ದೊಡ್ಡ ಗಿರಾಕಿಗಳ ಜೊತೆ ಬೆರೆಯೋ ಕೆಲಸ, ಅಭಿರುಚಿ ಇರೋರು ಬೇಕಂತೆ. ಕಣ್ಣೆದುರೇ ಕುದಿಸಿ ಲೋಟಕ್ಕೆ ಸುರಿಯೋ ಕಾಫಿ ಮೇಡಂ ದೇಶದಲ್ಲಿ ಭಾರೀ ಕುಳಗಳ ಷೋಕಿಯಂತೆ."

"ಹಾಗಾದ್ರೆ... ನನ್ನ ಕಪ್?"

ಭಾವ ಚೀಲವನ್ನು ಅವನ ಕೈಗಿಟ್ಟ. "ಅಲ್ಲಿ ಜೇಬು ಖಾಲಿಯಾದಾಗಲಷ್ಟೇ ಜನ ಕೆಂಪುಕೊಡೆಗೆ ಹೋಗೋದಂತೆ, ಮೇಡಂ ಅಳ್ತಾ ತಮ್ಮ ಊಟದ ಡಬ್ಬಿ ಕೊಟ್ಟಿದ್ದಾರೆ, ಮನೆಮಂದಿಯೆಲ್ಲ ಹಂಚ್ಕೊಂಡು ತಿನ್ನಬೇಕಂತೆ."