ಮೊದಲ ಸಾಲಿನವನು

ಬಿಸಿಲಿಗೆ ಇನ್ನೊಂದು ಕೊಡೆ ನೆಡೋಣವೆಂದು, ಪ್ರವಾಸಿಗಳಿಗೆ ಕುರ್ಚಿ ಬಾಡಿಗೆಗೆ ಕೊಡುವ ಸ್ತ್ರಾತಿಸ್ ಸಮುದ್ರದಂಡೆಯಲ್ಲಿ ಕುಣಿ ತೋಡಿದ. ಹಾರೆಗೆ ಚಪ್ಪಡಿ ಕಲ್ಲು ತಾಗಿತು. ಸರಿಸಿದರೆ ಒಳಗೊಬ್ಬ ಮಲಗಿದ್ದ. ಮಾರನೆಯ ದಿನವೇ ಅಥೆನ್ಸಿನಿಂದ ಪುರಾತತ್ವದವರು ಬಂದು ಅರ್ಧ ದಂಡೆಗೆ ಹಗ್ಗ ಕಟ್ಟಿದರು.

"ಎರಡೂವರೆ ಸಾವಿರ ವರ್ಷದ ಹಿಂದೆ ಸತ್ತೋನಿಗೂ ಮೊದಲ ಸಾಲೇ ಬೇಕಾಗಿತ್ತಾ?" ಎಂದು ಸ್ತ್ರಾತಿಸ್ ಗೊಣಗಿದ. ನೀರಿಗೆ ಹತ್ತಿರದ ಮೊದಲ ಸಾಲಿನ ಕುರ್ಚಿಗೆ ಬಾಡಿಗೆ ಜಾಸ್ತಿ. ಅದರ ಮೇಲೆ ಜನ ಕಿಕ್ಕಿರಿಯುವ ಆಗಸ್ಟ್ ತಿಂಗಳು.

ಹಗ್ಗದ ಒಳಗೆ ಕುಂಚ ಹಿಡಿದು ಕೂತಿದ್ದವಳು ರೊದಾಂಥಿ. ಅವಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹಗ್ಗದ ಹೊರಗೆ ಬೆಳಗಿನಿಂದ ನಿಂತಿದ್ದವಳು ಸ್ತಮಾತಿಯಾ. ಎಲ್ಲರೂ ಈಜುಡುಗೆಯಲ್ಲಿ ಓಡಾಡುವ ಕಡೆ ಈ ಮುದುಕಿ ಒಬ್ಬಳೇ ಅಡಿಯಿಂದ ಮುಡಿಯವರೆಗೆ ಶೋಕದ ಕಪ್ಪು ಉಟ್ಟಿದ್ದಳು. ಕೈಯಲ್ಲೊಂದು ವೈನ್ ಬಾಟಲಿ, ಹೆಗಲ ಮೇಲೆ ಬಿಳಿ ಬಟ್ಟೆ.

"ಮಗಳೇ, ತೊಳೆಯೋದು ಯಾವಾಗ?"

"ತೊಳೆಯೋ ಹಾಗಿಲ್ಲ ಅಜ್ಜಿ. ಹೀಗೇ ಪರೀಕ್ಷೆಗೆ ಹೋಗಬೇಕು."

"ಅಯ್ಯೋ, ಮಣ್ಣು ಮೆತ್ಕೊಂಡೇ ಕಳಿಸ್ತೀರಾ?"

ಗ್ರೀಸಿನ ದಕ್ಷಿಣ ತುದಿಯ ಈ ಮಾನಿ ಸೀಮೆಯ ಊರುಗಳಲ್ಲಿ ಹೆಣ ಹೂಳಿ ಕೆಲವು ವರ್ಷಗಳಾದ ಮೇಲೆ ಮೂಳೆಗಳನ್ನು ಎತ್ತುತ್ತಾರೆ. ವೈನಿನಲ್ಲಿ ತೊಳೆದು, ಒಣಗಿಸಿ, ಪೆಟ್ಟಿಗೆಯಲ್ಲಿಟ್ಟು ಚರ್ಚಿನ ಪಕ್ಕದ ಕೋಣೆಗೆ ಸೇರಿಸುತ್ತಾರೆ. ಅಲ್ಲಿಗೆ ಸತ್ತವನ ಋಣ ತೀರಿತು. ತೊಳೆಯುವುದು ತಾಯಿಯದೋ ಹೆಂಡತಿಯದೋ ಕೆಲಸ. ಸ್ತಮಾತಿಯಾಳ ಮಗನ ಪೆಟ್ಟಿಗೆಯೂ ಆ ಕೋಣೆಯಲ್ಲಿದೆ. ಮೇಲೆ ಹೆಸರಿದೆ, ಫೋಟೊ ಇದೆ. ಒಳಗೆ ಏನೂ ಇಲ್ಲ. ಮೀನಿಗೆ ಹೋದ ದೋಣಿ ತಿರುಗಿ ಬರಲಿಲ್ಲ. ಇಷ್ಟನ್ನು ಸ್ತ್ರಾತಿಸನೇ ದನಿ ತಗ್ಗಿಸಿ ರೊದಾಂಥಿಗೆ ಹೇಳಿದ.

"ಇವನಿಗೆ ಎಷ್ಟು ವಯಸ್ಸಾಗಿತ್ತು?" ಮುದುಕಿ ಕೇಳಿದಳು.

"ಇಪ್ಪತ್ತೈದರ ಆಸುಪಾಸು. ಅಜ್ಜಿ, ಇವನು ನಿಮ್ಮ ಮಗ ಅಲ್ಲ."

"ನಂಗೇನು ಅರಳುಮರಳು ಅನ್ಕೊಂಡ್ಯಾ? ಇವನ ತಾಯಿ ಇಲ್ಲಿಲ್ಲ, ನಾನಿದ್ದೀನಿ. ನನ್ನೋನು ಯಾವ ದಂಡೆಗೆ ಹೋಗಿ ಬಿದ್ದನೋ, ಅಲ್ಲೂ ಯಾವಳೋ ಒಬ್ಬಳು ಇರ್ತಾಳೆ. ಇಲ್ಲಿ ನಾನು ತೊಳೆದ್ರೆ ಅಲ್ಲಿ ಅವಳು ತೊಳೀತಾಳೆ. ಅಷ್ಟೇ."

ಬಾಟಲಿಯ ಒಂದು ಹನಿ ತಾಗಿದರೂ ತನ್ನ ನೌಕರಿಗೆ ಎಳ್ಳುನೀರು ಎಂದು ರೊದಾಂಥಿಗೆ ಗೊತ್ತಿತ್ತು. ಮುದುಕಿಯ ಮುಖ ನೋಡಿದರೆ ಸಂಕಟ. ನೋಡದೆ ಕೆಲಸ ಮುಂದುವರಿಸಿದಳು.

ಸಂಜೆಗೆ ಮೂಳೆಗಳೆಲ್ಲ ಚೀಲ ಸೇರಿದವು. ಹಿಮ್ಮಡಿಯ ಮೂಳೆ ಒಂದು ಉಳಿಯಿತು. ಅದನ್ನು ಹಗ್ಗದ ಪಕ್ಕದ ಕಲ್ಲಿನ ಮೇಲಿಟ್ಟು, "ಒಂದು ಕಾಫಿ ಕುಡಿದು ಬರ್ತೀನಿ ಅಜ್ಜಿ, ಸ್ವಲ್ಪ ನೋಡ್ಕೊಳ್ಳಿ" ಎಂದು ಎದ್ದಳು. ಸ್ತ್ರಾತಿಸನ ಅಂಗಡಿಯಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಕೂತು, ಕಾಫಿಯನ್ನು ತಳದ ಗಸಿಯವರೆಗೂ ಕುಡಿದಳು. ತಿರುಗಿ ಬಂದಾಗ ಮೂಳೆ ಬಿಳಿ ಬಟ್ಟೆಯ ಮೇಲೆ ಒಣಗುತ್ತಿತ್ತು. ಮುದುಕಿ ಮನೆಗೆ ಹೋಗಿದ್ದಳು.

ಸೆಪ್ಟೆಂಬರಿನಲ್ಲಿ, ದಂಡೆಯಲ್ಲಿ ಇನ್ನೂ ಅಗೆಯುತ್ತಿದ್ದ ರೊದಾಂಥಿಗೆ ಅಥೆನ್ಸಿನಿಂದ ಪ್ರೊಫೆಸರರ ಫೋನ್ ಬಂತು.

"ಏನ್ರೀ ಇದು? ಹಿಮ್ಮಡಿ ಮೂಳೆ ವೈನ್ ವಾಸನೆ ಹೊಡೀತಿದೆ! ಯಾರು ತೊಳೆದದ್ದು?"

"ತಾಯಿ, ಸರ್."

"ಯಾರ ತಾಯಿ?"

ರೊದಾಂಥಿ ತಲೆಯೆತ್ತಿದಳು. ಹಗ್ಗದ ಆಚೆ ಸ್ತ್ರಾತಿಸ್ ಹೊಸದೊಂದು ಮೊದಲ ಸಾಲು ಹಾಕಿದ್ದ. ಅದರ ತುದಿಯ ಕೊಡೆಯ ಕೆಳಗೆ, ಬಾಡಿಗೆಯಿಲ್ಲದ ಕುರ್ಚಿಯಲ್ಲಿ, ಕಪ್ಪು ಉಟ್ಟ ಮುದುಕಿ ಸಮುದ್ರ ನೋಡುತ್ತ ಕೂತಿದ್ದಳು.

"ಅದಿನ್ನೂ ತೀರ್ಮಾನವಾಗಿಲ್ಲ, ಸರ್."