ಊರಿನ ಬೋರು

“ಬಂಡೆ ಗಟ್ಟಿಯಾಗಿದೆ. ಎಲ್ಲೂ ಬಿರುಕಿಲ್ಲ. ಕಾರ್ಖಾನೆ ನೀರು ಈ ಊರಿನ ಬೋರಿಗೆ ಇಳಿಯೋ ದಾರಿನೇ ಇಲ್ಲ,” ಎಂದು ತಪಾಸಣೆಗೆ ಬಂದಿದ್ದ ಭೂವಿಜ್ಞಾನಿ ಸಿಂಚನ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಪರದೆಯ ಮೇಲೆ ಗೆರೆಯೊಂದು ಅಲ್ಲಾಡದೆ ಕೆಳಗಿಳಿದಿತ್ತು. ಪಂಚಾಯ್ತಿ ಸದಸ್ಯ ಗೋವಿಂದರಾಜು ಚಪ್ಪಾಳೆಯನ್ನೇ ತಟ್ಟಿಬಿಟ್ಟ.

ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಸಿದ್ದಲಿಂಗಮ್ಮನ ತಲೆಯೊಳಗೆ ಹುಳ ಹೊಕ್ಕಿತು. ತಮ್ಮೂರು ಕಡಕೊಳದ ಪಕ್ಕದಲ್ಲಿ ಬಣ್ಣದ ಕಾರ್ಖಾನೆ ಎದ್ದ ಮೇಲೆ ಅವಳ ಕೇರಿಯ ಬೋರಿನಲ್ಲಿ ಬರುವುದೆಲ್ಲ ನಾರುವ ನೀರು. ಗಲಾಟೆ ಮಾಡಿ ಟ್ಯಾಂಕರ್ ತರಿಸಿಕೊಂಡಿದ್ದರು. ಬಂಡೆ ಗಟ್ಟಿ ಅಂತಾದರೆ ನಾಳೆಯಿಂದ ಅದಕ್ಕೂ ಕಲ್ಲು. ಅಲ್ಲಾ, ಬಂಡೆ ಗಟ್ಟಿಯಿದ್ದರೆ ಈ ಗೋವಿಂದರಾಜುವಿಗೇಕೆ ಇಷ್ಟು ಹಿಗ್ಗು?

“ಅದೇನೋ ಮಿಷಿನ್ ಇಳುಸುದ್ರಂತಲ್ಲವ್ವ, ಎಲ್ಲಿ ಇಳುಸುದ್ರಿ?”

“ಮಾರಮ್ಮನ ಗುಡಿ ಮುಂದೆ ಕಣಮ್ಮ. ಊರಿನ ಬೋರು ಯಾವುದು ಅಂತ ಕೇಳಿದೆ, ಸಾರ್ ತೋರಿಸಿದ್ರು.”

“ಅದು ಊರು. ನಾವು ಕೇರಿ.”

“ಎರಡೂ ಒಂದೇ ಅಲ್ವಾ?”

ಸಿದ್ದಲಿಂಗಮ್ಮನಿಗೆ ನಗು ತಡೆಯಲಾಗಲಿಲ್ಲ. “ಯಾವ ದೇಶದೋಳವ್ವ ನೀನು?”

“ಇವಳದ್ದು ಇದ್ದದ್ದೇ. ನೀವು ಹೊರಡಿ ಮೇಡಂ,” ಎಂದ ಗೋವಿಂದರಾಜು.

ಸಿದ್ದಲಿಂಗಮ್ಮ ಹೋಗಿ ಸಿಂಚನಳ ಜೀಪಿನ ಚಕ್ರದ ಮುಂದೆ ಕೂತಳು. “ಅಂಗಾದ್ರೆ ನನ್ ಮ್ಯಾಲೇ ಅತ್ತುಸ್ಕೊಂಡು ಓಗಿ.”

ಬೇರೆ ದಾರಿಯಿರಲಿಲ್ಲ. ಕೇರಿಯ ಬೋರಿನ ಪಂಪು ಮೇಲೆತ್ತಿಸಿ, ಒಳಗಿನ ಕಲ್ಲನ್ನು ಸುತ್ತಲೂ ನೋಡುತ್ತ ಇಳಿಯುವ ಆ ಉದ್ದನೆಯ ಉಪಕರಣವನ್ನು ಕೇಬಲ್ಲಿನಲ್ಲಿ ಇಳಿಬಿಟ್ಟರು. ಪರದೆಯ ಮೇಲಿನ ಗೆರೆ ಇಳಿದು, ಇಳಿದು, ಸಟ್ಟನೆ ಪಕ್ಕಕ್ಕೆ ಹಾರಿತು. ಸಿಂಚನಳ ಮುಖ ಬಿಗಿಯಿತು.

“ಏನವ್ವ, ಒಸಿ ಬಾಯ್ಬುಡು.”

“ಬಿರುಕು. ದೊಡ್ಡದೇ ಇದೆ. ಕಾರ್ಖಾನೆ ಕಡೆಯಿಂದಲೇ ಬಂದಿದೆ.”

“ಅದನ್ನ ಊರಿನ ವರದಿಗೆ ಸೇರಿಸಬೇಡಿ,” ಗೋವಿಂದರಾಜು ದನಿ ತಗ್ಗಿಸಿದ. “ಕೇರಿದು ಬೇರೆ.”

ಸಿಂಚನ ಕೈಚಾಚಿ ದಿಕ್ಕು ಹಿಡಿದಳು. “ಬಿರುಕು ಇಲ್ಲಿಗೇ ನಿಂತಿಲ್ಲ ಸಾರ್. ಆ ಮಹಡಿ ಮನೆ ಕಡೆಗೆ ಇಳೀತಿದೆ. ಅಲ್ಲೇನಾದ್ರೂ ಆಳದ ಬೋರಿದೆಯಾ?”

ಅದು ಗೋವಿಂದರಾಜುವಿನದೇ ಮನೆ. ಊರಿಗಿಲ್ಲದಷ್ಟು ಆಳಕ್ಕೆ ಬೋರು ಕೊರೆಸಿದ್ದ.

ಸಿದ್ದಲಿಂಗಮ್ಮ ಸೆರಗು ಕೊಡವಿಕೊಂಡಳು. “ನಮ್ಮ ಕೇರಿ ನೀರು ನಿಮ್ಮ ಅಡಿಗೆಮನೆಗೇ ನುಗ್ತದಂತೆ ಬುದ್ಧೀ. ಬಾಗಿಲಲ್ಲೇ ನಿಲ್ಸಾಕೆ ಅದೇನು ನಾವಾ?”